ಬಸವನ ಬಾಯಿಯಿಂದ ಗೋಮುಖಕ್ಕೆ

ಕೋಲಾರ ಪಟ್ಟಣದ ಪಡುವಣಕ್ಕೆ ಶತಶೃಂಗ ಬೆಟ್ಟ. ಮೆಟ್ಟಿಲು ಹತ್ತಿ ಹೋದರೆ ಕಾಶಿ ವಿಶ್ವೇಶ್ವರನ ಗುಡಿ, ಅಲ್ಲೇ ಒಂದು ಕಲ್ಯಾಣಿ, ಕಲ್ಯಾಣಿಗೆ ಮುಖಮಾಡಿದ ಕಲ್ಲು ಬಸವ. ಆ ಬಸವನ ಬಾಯಿಂದ ನೀರು ಬೀಳುತ್ತಿರುತ್ತದೆ. ಸುತ್ತಲಿನ ಕೆರೆಗಳೆಲ್ಲ ಬಿರುಕುಬಿಟ್ಟು ಒಣಗಿದ ಬೇಸಿಗೆಗಳಲ್ಲೂ ನಾನು ಅಲ್ಲಿಗೆ ಹೋಗಿದ್ದೇನೆ. ಧಾರೆ ಸಣ್ಣಗಾಗಿರುತ್ತಿತ್ತು, ನಿಂತಿರುತ್ತಿರಲಿಲ್ಲ. ಅದಕ್ಕೇ ನಮ್ಮ ಹಿರಿಯರು ಅದನ್ನು ಅಂತರಗಂಗೆ ಎಂದರು. ಕಾಶಿಯ ಗಂಗೆಯೇ ನೆಲದೊಳಗಿಂದ ಹರಿದು ಇಲ್ಲಿ ಹೊರಬಂದಿದ್ದಾಳೆ ಎಂಬುದು ಅವರ ನಂಬಿಕೆ.

ನಾನು ಹುಟ್ಟಿದ್ದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ದೇವರ ಗೂಡಿನಲ್ಲಿ ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಒಂದು ಪುಟ್ಟ ಗಿಂಡಿ ಇತ್ತು. ಅಜ್ಜಿ ಕಾಶಿಗೆ ಹೋಗಿ ಬಂದಾಗ ತಂದದ್ದು. ಅಂಗೈಯಲ್ಲಿ ಹಿಡಿದು ಅಲುಗಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಿಸುತ್ತಿತ್ತು. ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ಅದನ್ನು ತೊಳೆಯುವ ಕೆಲಸ ನನ್ನದು. "ಜೋಪಾನ ಮಗಾ, ಒಂದು ಹನಿ ಹೋದರೂ ಮತ್ತೆ ತುಂಬಿಸೋಕೆ ಆಗಲ್ಲ" ಎಂದು ಅಜ್ಜಿ ಪ್ರತಿಸಲವೂ ಹೇಳುತ್ತಿದ್ದಳು. ಅವಳ ಕೊನೆಯ ದಿನ ಬೆಸುಗೆ ಬಿಡಿಸಿ ಅವಳ ಬಾಯಿಗೇ ಆ ನೀರು ಬಿಟ್ಟೆವು.

ಆ ಗಂಗೆ ಹೊರಡುವ ಜಾಗಕ್ಕೆ ಗೋಮುಖ ಎಂದು ಹೆಸರು. ನೋಡಿ, ಇಲ್ಲಿ ಬಸವನ ಬಾಯಿ, ಅಲ್ಲಿ ಹಸುವಿನ ಬಾಯಿ. ಉತ್ತರಾಖಂಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿ, ಗಂಗೋತ್ರಿ ಹಿಮನದಿ ಮುಗಿಯುವ ತುದಿ ಅದು. ಹಿಮನದಿ ಎಂದರೆ ಹಿಮದ ಮೇಲೆ ಹಿಮ ಬಿದ್ದು, ತನ್ನ ಭಾರಕ್ಕೆ ತಾನೇ ಒತ್ತಿ ಗಡ್ಡೆಕಟ್ಟಿ, ಇಳಿಜಾರಿನಲ್ಲಿ ಬಲು ನಿಧಾನವಾಗಿ ಜಾರುವ ನೀರ್ಗಲ್ಲಿನ ನದಿ. ಗಂಗೋತ್ರಿಯ ಉದ್ದ ಸುಮಾರು 30 ಕಿಲೋಮೀಟರ್. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ದಾರಿಯಷ್ಟು ಉದ್ದದ ಹೆಪ್ಪುಗಟ್ಟಿದ ನೀರನ್ನು ಕಣ್ಣಮುಂದೆ ತಂದುಕೊಳ್ಳಿ. 1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಜೆ. ಬಿ. ಆಡೆನ್ ಎಂಬ ಭೂವಿಜ್ಞಾನಿ ಅದರ ತುದಿ ಎಲ್ಲಿದೆ ಎಂದು ಅಳೆದು ನಕ್ಷೆ ಬರೆದರು. ಆಮೇಲಿನ ಅರವತ್ತು ವರ್ಷಗಳಲ್ಲಿ ಆ ತುದಿ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದಕ್ಕೆ ಸರಿದಿತ್ತು. ಸರಾಸರಿ ಲೆಕ್ಕ ಹಿಡಿದರೆ ವರ್ಷಕ್ಕೆ 20 ಮೀಟರಿನ ಆಸುಪಾಸು. ನನ್ನ ಅಜ್ಜಿ ಗಿಂಡಿ ತುಂಬಿಸಿಕೊಂಡು ಬಂದ ಕಾಲದ ಗೋಮುಖ ಈಗ ಇದ್ದ ಜಾಗದಲ್ಲಿ ಇಲ್ಲ.

ವಿಶ್ವಸಂಸ್ಥೆ 2025ನೇ ಇಸವಿಯನ್ನು ಹಿಮನದಿಗಳ ಸಂರಕ್ಷಣೆಯ ವರ್ಷ ಎಂದು ಸಾರಿತು. ಮಾರ್ಚ್ 21ನ್ನು ವಿಶ್ವ ಹಿಮನದಿ ದಿನವಾಗಿ ಗುರುತಿಸಿತು. ಅದರ ಮರುದಿನವೇ ವಿಶ್ವ ಜಲ ದಿನ. ಈ ವಿಷಯವನ್ನು ಶ್ರೀನಿವಾಸಪುರದ ಒಂದು ಪ್ರೌಢಶಾಲೆಯಲ್ಲಿ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮೂರಿಗೆ ಹಿಮಾಲಯದಿಂದ ಒಂದು ಹನಿ ನೀರೂ ಬರಲ್ಲ. ಅಲ್ಲಿ ಕರಗಿದರೆ ನಮಗೇನು?" ಎಂದು ಕೇಳಿದಳು. ಇದು ಉಡಾಫೆಯ ಪ್ರಶ್ನೆಯಲ್ಲ. ಮನೆಗೆ ವಾರಕ್ಕೆರಡು ಸಲ ಟ್ಯಾಂಕರ್ ಬರುವ ಊರಿನ ಮಗು ಕೇಳಲೇಬೇಕಾದ ಪ್ರಶ್ನೆ. ಇವತ್ತಿನ ಮಾತು ಅವಳಿಗೆ ಕೊಡುವ ಉತ್ತರ ಎಂದೇ ತಿಳಿಯಿರಿ.

ಅವಳು ಹೇಳಿದ್ದು ನಿಜ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಮಾಲೂರಿನ ಕಡೆ ಹಾದುಹೋಗುತ್ತದೆ. ಆದರೆ ಅವು ಮಳೆ ಬಂದಾಗ ಮಾತ್ರ ನದಿಗಳು. ಬೀಳುವ ಮಳೆ ವರ್ಷಕ್ಕೆ 700 ಮಿಲಿಮೀಟರಿನ ಆಚೀಚೆ. ಇದನ್ನರಿತೇ ನಮ್ಮ ಹಿರಿಯರು ತಗ್ಗು ಕಂಡಲ್ಲೆಲ್ಲ ಏರಿ ಹಾಕಿ ಕೆರೆ ಕಟ್ಟಿದರು. ಇಂದಿನ ಕೋಲಾರ ಜಿಲ್ಲೆಯೊಂದರಲ್ಲೇ ಎರಡು ಸಾವಿರಕ್ಕೂ ಮಿಕ್ಕಿ ಕೆರೆಗಳಿವೆ. ಮೇಲಿನ ಕೆರೆ ಕೋಡಿಬಿದ್ದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಸರಮಾಲೆಯ ಹಾಗೆ.

ಕೆರೆ ಕಟ್ಟಿಸಿದರೆ ಸಾಲದು, ಅದರ ಲೆಕ್ಕ ಇಡುವವನು ಬೇಕು. ಅವನೇ ನೀರುಗಂಟಿ. ನಮ್ಮೂರ ನೀರುಗಂಟಿ ತಾತ ಬೆಳಗಿನ ಜಾವ ಹೆಗಲಿಗೆ ಗುದ್ದಲಿ ಹಾಕಿಕೊಂಡು ಏರಿಯ ಮೇಲೆ ನಡೆದು ಬರುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತೂಬಿನ ಹತ್ತಿರ ನಿಂತು, ನೀರಿನಿಂದ ಮೇಲೆದ್ದ ಎರಡು ಕಲ್ಲುಕಂಬಗಳನ್ನು ಒಂದು ಗಳಿಗೆ ದಿಟ್ಟಿಸುತ್ತಿದ್ದ. ಕಂಬದ ಮೇಲೆ ಪಾಚಿ ಒಣಗಿದ ಗೆರೆಗೂ ಈಗಿನ ನೀರಿನ ಮಟ್ಟಕ್ಕೂ ಎಷ್ಟು ಗೇಣು ಅಂತರ ಎಂದು ನೋಡುತ್ತಿದ್ದ. ಅಷ್ಟೇ ಅವನ ಅಳತೆ. "ಯುಗಾದಿಗೆ ಕೆರೆ ತಳ ಕಾಣ್ತದೆ. ಹಿಂದಿನ ಗದ್ದೆಯೋರಿಗೆ ಹೇಳಿ, ಎರಡನೇ ಸಲ ಭತ್ತ ಬೇಡ, ರಾಗಿ ಹಾಕ್ಲಿ" ಎನ್ನುತ್ತಿದ್ದ. ಊರೇ ಆ ಮಾತು ಕೇಳುತ್ತಿತ್ತು. ನಮ್ಮ ಕೆರೆ ಏರಿಯ ಮೇಲಿನ ಶಾಸನದಲ್ಲಿ ಕೆರೆ ಕಟ್ಟಿಸಿದವರ ಹೆಸರಿದೆ. ತಲೆಮಾರುಗಟ್ಟಲೆ ಅದರ ನೀರು ಅಳೆದು ಹಂಚಿದವರ ಹೆಸರು ಎಲ್ಲೂ ಇಲ್ಲ. ಅದು ನನಗೆ ಯಾವತ್ತೂ ನೋವಿನ ಸಂಗತಿ.

ಹಿಮನದಿಯನ್ನು ಅಭ್ಯಾಸ ಮಾಡುವ ವಿಜ್ಞಾನಿ ಮಾಡುವುದೂ ನೀರುಗಂಟಿಯ ಕೆಲಸವನ್ನೇ. ಹಬೆಯಿಂದ ಕೊರೆಯುವ ಬೈರಿಗೆಯನ್ನು ಹೊತ್ತು ಬೆಟ್ಟ ಹತ್ತುತ್ತಾರೆ. ಹಿಮನದಿಯ ಮೈಗೆ ಹತ್ತು ಮೀಟರಿನಷ್ಟು ಆಳದ ರಂಧ್ರ ಕೊರೆದು, ಬಿದಿರು ಕೋಲುಗಳನ್ನು ಒಂದಕ್ಕೊಂದು ಜೋಡಿಸಿ ಇಳಿಬಿಡುತ್ತಾರೆ. ಬೇಸಿಗೆ ಮುಗಿದ ಮೇಲೆ ಮತ್ತೆ ಬಂದು, ಕೋಲು ಎಷ್ಟು ಮೇಲೆದ್ದು ಕಾಣುತ್ತಿದೆ ಎಂದು ಟೇಪು ಹಿಡಿದು ಅಳೆಯುತ್ತಾರೆ. ಎರಡು ಮೀಟರ್ ಕೋಲು ಹೊರಗೆ ಬಂದಿದ್ದರೆ ಅಲ್ಲಿ ಎರಡು ಮೀಟರ್ ಗಡ್ಡೆ ಕರಗಿದೆ ಎಂದರ್ಥ. ಮಂಜುಗಡ್ಡೆ ನೀರಿಗಿಂತ ಕೊಂಚ ಹಗುರ. ಹಾಗಾಗಿ ನೀರಿನ ಲೆಕ್ಕಕ್ಕೆ ಅದು 1.8 ಮೀಟರ್. ಇನ್ನೂ ಮೇಲೆ, ಚಳಿಗಾಲದ ಹಿಮ ಉಳಿದುಕೊಳ್ಳುವ ಜಾಗದಲ್ಲಿ, ಗುಂಡಿ ತೋಡಿ ಪದರಪದರವಾಗಿ ಹಿಮವನ್ನು ತೂಗುತ್ತಾರೆ. ಮೇಲೆ ಬಂದ ಜಮೆ, ಕೆಳಗೆ ಹೋದ ಖರ್ಚು. ಒಂದರಿಂದ ಇನ್ನೊಂದನ್ನು ಕಳೆದರೆ ಆ ವರ್ಷ ಹಿಮನದಿ ಉಳಿಸಿತೋ, ಗಂಟು ಕರಗಿಸಿತೋ ತಿಳಿಯುತ್ತದೆ.

ಹಿಮಾಚಲ ಪ್ರದೇಶದ ಲಾಹುಲ್–ಸ್ಪಿತಿ ಜಿಲ್ಲೆಯಲ್ಲಿ ಛೋಟಾ ಶಿಗ್ರಿ ಎಂಬ ಹಿಮನದಿ ಇದೆ. 2002ರಿಂದ ಅದರ ಮೇಲೆ ಹೀಗೆ ಕೋಲು ನೆಟ್ಟು ಬಿಡದೆ ಅಳೆಯುತ್ತಿದ್ದಾರೆ. ಸರಾಸರಿ ತೆಗೆದರೆ ವರ್ಷಕ್ಕೆ ಸುಮಾರು ಅರ್ಧ ಮೀಟರ್ ನೀರಿನಷ್ಟು ಗಡ್ಡೆಯನ್ನು ಅದು ಕಳೆದುಕೊಳ್ಳುತ್ತಿದೆ. ಅರ್ಧ ಮೀಟರ್ ಎಂದರೆ ಮೊಣಕಾಲುದ್ದ, ಕೇಳಲು ಅಲ್ಪ. ನಾನು ಕಾಗದ ಪೆನ್ನು ಹಿಡಿದು ಕೂತೆ. ಅದರ ಹರವು ಸುಮಾರು 15 ಚದರ ಕಿಲೋಮೀಟರ್. ಗುಣಿಸಿದರೆ 75 ಲಕ್ಷ ಘನ ಮೀಟರ್ ನೀರು, ಅಂದರೆ ಕಾಲು ಟಿಎಂಸಿಗಿಂತ ತುಸು ಹೆಚ್ಚು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಸಂಸ್ಕರಿಸಿದ ನೀರನ್ನು ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ನಿಮಗೆಲ್ಲ ಗೊತ್ತು. 2018ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಆ ನೀರು ಮೊದಲು ಬಂದಾಗ ಜನ ಏರಿಯ ಮೇಲೆ ಸೇರಿದ್ದರು. ಆ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಅದು ಪೂರ್ತಿ ಹರಿದರೂ ಹದಿನೇಳು ದಿನ ಬೇಕು, ಈ ಒಂದು ಹಿಮನದಿ ಒಂದು ವರ್ಷದಲ್ಲಿ ತನ್ನ ಮೂಲಧನದಿಂದ ಕಳೆದುಕೊಳ್ಳುವಷ್ಟು ನೀರಾಗಲು. ಹೆಸರೇ ಹೇಳುವಂತೆ ಅದು 'ಛೋಟಾ'. ಭಾರತದ ಹಿಮಾಲಯದಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಪಟ್ಟಿಮಾಡಿರುವ ಹಿಮನದಿಗಳ ಸಂಖ್ಯೆ 9,575.

ಇಲ್ಲಿ ಒಂದು ಮಾತು ನಿಂತು ಹೇಳಬೇಕು. ನಾನು ಇವತ್ತು ಈ ಮೈಕಿನ ಮುಂದೆ ಕೂತಿರುವುದೇ ಅದನ್ನು ಹೇಳಲು.

ಹಿಮನದಿ ಕರಗತೊಡಗಿದಾಗ ಕೆಳಗಿನ ಹೊಳೆಯಲ್ಲಿ ನೀರು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಕೆಲವು ದಶಕಗಳ ಕಾಲ ಹೊಳೆ ಮೈದುಂಬಿ ಹರಿಯುತ್ತದೆ. ಕೆಳಗಿನ ಊರುಗಳಲ್ಲಿ ಹೊಸ ಕಾಲುವೆ ತೋಡುತ್ತಾರೆ, ಹೊಸ ತೋಟ ಹಾಕುತ್ತಾರೆ, ಕಾಲ ಒಳ್ಳೆಯದಾಯಿತು ಎಂದುಕೊಳ್ಳುತ್ತಾರೆ. ಆಮೇಲೆ ಒಂದು ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ. ಇಳಿದದ್ದು ಮತ್ತೆ ಏರುವುದಿಲ್ಲ, ಏಕೆಂದರೆ ಅಷ್ಟು ದಿನ ಹರಿದದ್ದು ಆಯಾ ವರ್ಷದ ಹಿಮ ಮಾತ್ರವಾಗಿರಲಿಲ್ಲ, ನೂರಾರು ವರ್ಷಗಳ ಹಿಂದೆ ಕೂಡಿಟ್ಟ ಗಂಟೂ ಅದರೊಂದಿಗೆ ಹರಿದುಹೋಗಿತ್ತು.

ಕೇಳುಗರೇ, ಈ ಕಥೆ ನಮಗೆ ಯಾರಾದರೂ ಹೊಸದಾಗಿ ಹೇಳಬೇಕೇ? ಕೋಲಾರ ಸೀಮೆಯವರು ಇದನ್ನು ಬಾಳಿ ಕಂಡವರು. ಕಪಿಲೆ ಬಾವಿಗಳ ಕಾಲದಲ್ಲಿ ಮೂವತ್ತು ನಲವತ್ತು ಅಡಿಗೆ ನೀರು ಸಿಗುತ್ತಿತ್ತು. ಬಾವಿ ಬತ್ತಿದಾಗ ಬೋರು ಬಂತು. ರಿಗ್ ಲಾರಿ ಊರಿಗೆ ಬಂದ ರಾತ್ರಿ ನಾವು ಮಕ್ಕಳೆಲ್ಲ ನಿದ್ದೆಗೆಟ್ಟು ಅದರ ಸುತ್ತ ಕೂತಿದ್ದೆವು. ಬಿಳಿ ದೂಳು ಹಾರಿ, ದೂಳು ಕೆಸರಾಗಿ, ಕೆಸರು ನೀರಾಗಿ ಚಿಮ್ಮಿದಾಗ "ಮೂರು ಇಂಚು ಬಿತ್ತು!" ಎಂದು ದೊಡ್ಡವರು ಕೂಗಿದ್ದು, ತೆಂಗಿನಕಾಯಿ ಒಡೆದದ್ದು, ನಮ್ಮ ದೊಡ್ಡಪ್ಪ ಅತ್ತದ್ದು, ಎಲ್ಲ ನೆನಪಿದೆ. ಹಿಪ್ಪುನೇರಳೆ ಬಂತು, ಟೊಮೇಟೊ ಬಂತು, ಹೂವು ತರಕಾರಿ ಬಂತು. ಇಪ್ಪತ್ತು ಮೂವತ್ತು ವರ್ಷ ನಮ್ಮ ಜಿಲ್ಲೆ ಹಸಿರಾಗಿ ಕಂಡಿತು. ಅದು ಸಿರಿ ಎಂದುಕೊಂಡೆವು. ಕೆರೆಯ ಕಡೆ ತಿರುಗಿ ನೋಡಲಿಲ್ಲ, ನೀರುಗಂಟಿಯ ಮಗ ಬೆಂಗಳೂರಿಗೆ ಕೂಲಿಗೆ ಹೋದ. ನಾವು ಎತ್ತುತ್ತಿದ್ದದ್ದು ಬಡ್ಡಿಯನ್ನಲ್ಲ, ಅಸಲನ್ನು. ಎಷ್ಟೋ ಕಾಲದಿಂದ ಬಂಡೆಯ ಬಿರುಕುಗಳಲ್ಲಿ ಇಂಗಿ ಉಳಿದಿದ್ದ ನೀರನ್ನು. ಇನ್ನೂರು ಅಡಿ ಇದ್ದದ್ದು ಐನೂರಾಯಿತು, ಸಾವಿರವಾಯಿತು, ಸಾವಿರದೈನೂರು ಅಡಿಗೂ ಬರೀ ದೂಳು ಬಂದ ಹೊಲಗಳು ಈಗ ಪ್ರತಿ ಹೋಬಳಿಯಲ್ಲೂ ಇವೆ. ಸಿಕ್ಕ ನೀರಿನಲ್ಲೂ ಫ್ಲೋರೈಡು. ಹಲ್ಲು ಕಂದುಗಟ್ಟಿದ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ.

ನೆಲದೊಳಗಿನ ನಮ್ಮ ಗಂಟನ್ನು ಅಳೆಯುವವರು ಅಂದು ಇರಲಿಲ್ಲ. ಇದ್ದರೂ ನಾವು ಕೇಳಲಿಲ್ಲ. ಹಿಮಾಲಯದ ಗಂಟು ಇನ್ನೂ ಕಣ್ಣಿಗೆ ಕಾಣುವ ಜಾಗದಲ್ಲಿದೆ, ಅದನ್ನು ಅಳೆಯಬಹುದು. ಶ್ರೀನಿವಾಸಪುರದ ಹುಡುಗಿಗೆ ನನ್ನ ಮೊದಲ ಉತ್ತರ ಇದು: ಅಲ್ಲಿ ಆಗುತ್ತಿರುವುದು ಏನು ಎಂಬುದು ಈ ದೇಶದಲ್ಲಿ ಯಾರಿಗಾದರೂ ಎದೆಗೆ ತಾಕುವಂತೆ ಅರ್ಥವಾಗಬೇಕಾದರೆ ಅದು ನಿನಗೆ, ನಿನ್ನೂರಿನವರಿಗೆ.

ಈ ಅಳತೆಯ ಕೆಲಸದ ಒಂದು ಪಾಲು ನಡೆಯುವುದು ಮಾಲೂರಿನಿಂದ ಅರ್ಧ ದಿನವೂ ಹಿಡಿಯದಷ್ಟು ಹತ್ತಿರದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತೇವಲ್ಲ, ಅಲ್ಲಿ 2009ರಲ್ಲಿ ಹವಾಮಾನ ಬದಲಾವಣೆಯ ಅಧ್ಯಯನಕ್ಕೆಂದೇ ದಿವೇಚಾ ಕೇಂದ್ರ ಹುಟ್ಟಿತು. ಮೊದಲು ಅಹಮದಾಬಾದಿನ ಇಸ್ರೋ ಕೇಂದ್ರದಲ್ಲಿದ್ದ ಹಿಮವಿಜ್ಞಾನಿ ಅನಿಲ್ ಕುಲಕರ್ಣಿ ಅವರು ಇಲ್ಲಿಗೆ ಬಂದು ಹಿಮನದಿಗಳ ಅಧ್ಯಯನ ಮುಂದುವರಿಸಿದರು. ಒಂಬತ್ತೂವರೆ ಸಾವಿರ ಹಿಮನದಿಗಳ ಮೇಲೆಲ್ಲ ಕೋಲು ನೆಡಲು ಯಾರಿಂದಲೂ ಆಗದು. ಹಾಗಾಗಿ ಆಕಾಶದಿಂದ ನೋಡಬೇಕು. ಬೆಂಗಳೂರಿಗೆ ಬರುವ ಮೊದಲೇ ಕುಲಕರ್ಣಿ ಮತ್ತು ಅವರ ಸಹೋದ್ಯೋಗಿಗಳು ಚೀನಾಬ್, ಪಾರ್ವತಿ, ಬಾಸ್ಪಾ ಎಂಬ ಮೂರು ನದಿಗಳ ಕಣಿವೆಯ 466 ಹಿಮನದಿಗಳನ್ನು ಆರಿಸಿಕೊಂಡರು. 1962ರ ಹಳೆಯ ಭೂಪಟದಲ್ಲಿ ಅವುಗಳ ಹರವು ಎಷ್ಟಿತ್ತು, ಸುಮಾರು ನಾಲ್ಕು ದಶಕಗಳ ನಂತರ ಉಪಗ್ರಹದ ಚಿತ್ರದಲ್ಲಿ ಎಷ್ಟಿದೆ ಎಂದು ತಾಳೆ ನೋಡಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. 2,077 ಚದರ ಕಿಲೋಮೀಟರ್ ಇದ್ದದ್ದು 1,628ಕ್ಕೆ ಇಳಿದಿತ್ತು. ಐದರಲ್ಲಿ ಒಂದು ಪಾಲಿಗೂ ಹೆಚ್ಚು ಹೋಗಿತ್ತು.

ಆ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಅಂಶ. ಹರವು ಇಳಿದರೂ ಹಿಮನದಿಗಳ ಸಂಖ್ಯೆ ಹೆಚ್ಚಾಗಿತ್ತು! ದೊಡ್ಡ ಹಿಮನದಿಗೆ ಬಂದು ಕೂಡುತ್ತಿದ್ದ ಕವಲುಗಳು ಕರಗಿ ಕಡಿದುಕೊಂಡು, ಒಂದು ಇದ್ದದ್ದು ಮೂರು ನಾಲ್ಕು ತುಂಡುಗಳಾಗಿದ್ದವು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ. ಪಹಣಿಯಲ್ಲಿ ಸರ್ವೆ ನಂಬರು ಹೆಚ್ಚುತ್ತವೆ, ಒಬ್ಬನ ಪಾಲಿಗೂ ಉಳಲು ಸಾಲುವಷ್ಟು ನೆಲ ಇರುವುದಿಲ್ಲ. ತುಂಡಾದವು ಬೇಗ ಕರಗುತ್ತವೆ ಕೂಡ. ಒಂದು ಚದರ ಕಿಲೋಮೀಟರಿಗಿಂತ ಸಣ್ಣವು ಶೇಕಡ 38ರಷ್ಟು ಕುಗ್ಗಿದ್ದರೆ, ಹತ್ತಕ್ಕಿಂತ ದೊಡ್ಡವು ಶೇಕಡ 12ರಷ್ಟು ಮಾತ್ರ. ಬೇಸಿಗೆಯಲ್ಲಿ ಮೊದಲು ಒಣಗುವುದು ಕುಂಟೆ, ಆಮೇಲೆ ಕಟ್ಟೆ, ಕೊನೆಗೆ ಕೆರೆ ಎಂಬುದನ್ನು ನಾವು ಕಂಡಿದ್ದೇವಲ್ಲ, ಹಾಗೆ.

ಕರಗುವುದು ಬಿಸಿಲು ಹೆಚ್ಚಿದ್ದಕ್ಕೆ ಮಾತ್ರವಲ್ಲ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ವಾಪಸು ಆಕಾಶಕ್ಕೆ ಕಳಿಸುತ್ತದೆ. ಅದು ಹೋಗಿ ಕೆಳಗಿನ ಹಳೆಯ ಗಡ್ಡೆ, ಅದೂ ಹೋಗಿ ಕರಿಬಂಡೆ ಹೊರಬಂದರೆ ಆ ಶಾಖವೆಲ್ಲ ಅಲ್ಲೇ ಉಳಿಯುತ್ತದೆ, ಪಕ್ಕದ ಹಿಮವನ್ನೂ ಕರಗಿಸುತ್ತದೆ. ಕರಗಿದ್ದೇ ಮುಂದಿನ ಕರಗುವಿಕೆಗೆ ಕಾರಣ. ಹವೆ ಬದಲಾದರೆ ಹಿಮನದಿ ಬದಲಾಗುತ್ತದೆ ಎಂಬುದು ಅರ್ಧ ಮಾತು. ಹಿಮನದಿ ಬದಲಾದರೆ ಅಲ್ಲಿನ ಹವೆಯೂ ಬದಲಾಗುತ್ತದೆ ಎಂಬುದು ಇನ್ನರ್ಧ. ಇದಕ್ಕೆ ಮಸಿ ಸೇರಿಕೊಳ್ಳುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕದ ಮನೆಯವರಿಗೆ ಗೊತ್ತು, ಒಣಹಾಕಿದ ಬಿಳಿ ಪಂಚೆಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಎಷ್ಟು ಮಸಿ ಕೂತಿರುತ್ತದೆ ಎಂದು. ಗಂಗಾ ಬಯಲಿನ ಇಟ್ಟಿಗೆ ಗೂಡು, ಸೌದೆ ಒಲೆ, ಡೀಸೆಲ್ ಹೊಗೆ, ಸುಟ್ಟ ಪೈರಿನ ಕೂಳೆ ಇವುಗಳ ಮಸಿ ಗಾಳಿಯಲ್ಲಿ ಮೇಲೇರಿ ಹಿಮದ ಮೇಲೆ ಹಾಗೇ ಕೂರುತ್ತದೆ. ಬಿಳುಪು ಮಾಸಿದ ಹಿಮ ಹೆಚ್ಚು ಬಿಸಿಲು ಕುಡಿಯುತ್ತದೆ. ಆದರೆ ಕಲ್ಲುಮಣ್ಣು ಗೇಣುದ್ದ ಮೊಳದುದ್ದ ದಪ್ಪಕ್ಕೆ ಮುಚ್ಚಿಕೊಂಡ ಹಿಮನದಿ ನಿಧಾನವಾಗಿ ಕರಗುತ್ತದೆ. ಮಣ್ಣು ಅಲ್ಲಿ ಕಂಬಳಿಯ ಕೆಲಸ ಮಾಡುತ್ತದೆ. ಆದ್ದರಿಂದಲೇ ಅಕ್ಕಪಕ್ಕದ ಎರಡು ಹಿಮನದಿಗಳ ನಡತೆ ಒಂದೇ ಥರ ಇರುವುದಿಲ್ಲ. ಒಂದನ್ನು ಕಂಡು ಎಲ್ಲದರ ಬಗ್ಗೆ ಹೇಳಲು ಬರುವುದಿಲ್ಲ.

ಹೇಳಿ ಪೆಟ್ಟು ತಿಂದದ್ದೂ ಉಂಟು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗಬಹುದು ಎಂಬ ಮಾತು ಸೇರಿಹೋಯಿತು. ಅದಕ್ಕೆ ಗಟ್ಟಿ ಆಧಾರ ಇರಲಿಲ್ಲ. 2010ರ ಜನವರಿಯಲ್ಲಿ ಸಮಿತಿ ತಪ್ಪನ್ನು ಒಪ್ಪಿಕೊಂಡಿತು. ಆಗ ಎಷ್ಟೋ ಜನ ಹಾಗಾದರೆ ಕರಗುವುದೇ ಸುಳ್ಳು ಎಂದು ಹೊರಟರು. ಅದೂ ತಪ್ಪು. ಗುಂಡಿ ತೋಡಿ, ಕೋಲು ನೆಟ್ಟು, ಚಿತ್ರ ತಾಳೆ ನೋಡಿ ಬಂದ ಲೆಕ್ಕಗಳು ಒಂದೇ ದಿಕ್ಕಿಗೆ ಕೈ ತೋರಿಸುತ್ತಿವೆ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಬೇಹು ಉಪಗ್ರಹಗಳು ತೆಗೆದ ಚಿತ್ರಗಳನ್ನು ಬಳಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, 2000ನೇ ಇಸವಿಯ ಈಚೆಗೆ ಹಿಮಾಲಯದ ಹಿಮನದಿಗಳು ಅದರ ಹಿಂದಿನ ಕಾಲು ಶತಮಾನಕ್ಕಿಂತ ಎರಡು ಪಟ್ಟು ವೇಗವಾಗಿ ಸವೆಯುತ್ತಿವೆ ಎಂದು ತೋರಿಸಿತು. ಕಾಠ್ಮಂಡುವಿನ ಪರ್ವತಾಭಿವೃದ್ಧಿ ಕೇಂದ್ರ ಇಸಿಮೋಡ್ ಅದೇ ವರ್ಷ ಹೇಳಿದ ಪ್ರಕಾರ, ಭೂಮಿಯ ಬಿಸಿ ಏರುವುದನ್ನು ಒಂದೂವರೆ ಡಿಗ್ರಿಗೆ ತಡೆದರೂ ಈ ಶತಮಾನದ ಕೊನೆಗೆ ಆ ಪರ್ವತಶ್ರೇಣಿಯ ಹಿಮದಲ್ಲಿ ಮೂರನೇ ಒಂದು ಪಾಲು ಉಳಿಯುವುದಿಲ್ಲ. ಭಯ ಹುಟ್ಟಿಸಲು ಉತ್ಪ್ರೇಕ್ಷೆ ಬೇಕಿಲ್ಲ. ಸರಿಯಾದ ಲೆಕ್ಕವೇ ಸಾಕಷ್ಟು ಕಠಿಣವಾಗಿದೆ.

ಐಸ್‌ಲ್ಯಾಂಡ್ ದೇಶದಲ್ಲಿ ಓಕ್ ಎಂಬ ಒಂದು ಹಿಮನದಿ ಸತ್ತಿತು. 2019ರ ಆಗಸ್ಟಿನಲ್ಲಿ ಅಲ್ಲಿನವರು ಬೆಟ್ಟ ಹತ್ತಿ ಹೋಗಿ ಅದರ ನೆನಪಿಗೆ ಬಂಡೆಯ ಮೇಲೆ ಒಂದು ಫಲಕ ಇಟ್ಟು ಬಂದರು. ಪತ್ರಿಕೆಯಲ್ಲಿ ಆ ಚಿತ್ರ ನೋಡಿದಾಗ ನನಗೆ ನಮ್ಮ ಊರುಗಳ ವೀರಗಲ್ಲುಗಳು ನೆನಪಾದವು.

ಈಗ ಆ ಹುಡುಗಿಗೆ ಎರಡನೇ ಉತ್ತರ. ಹಿಮಾಲಯದ ಹಿಮಕ್ಕೂ ಕೋಲಾರದ ಮಳೆಗೂ ಏನೂ ಸಂಬಂಧ ಇಲ್ಲವೇ? ನಮ್ಮ ಅಜ್ಜಂದಿರ ಬಾಯಲ್ಲಿ ಧಾತು ಈಶ್ವರ ಬರ ಎಂಬ ಮಾತು ಇತ್ತು. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರ. ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದನೇ ಒಂದು ಪಾಲು ಆ ಬರಕ್ಕೆ ತುತ್ತಾದರು. ಕೋಲಾರ ಸೀಮೆ ತೀರ ನೊಂದ ಸೀಮೆಗಳಲ್ಲೊಂದು. ಆಗಷ್ಟೇ, 1875ರಲ್ಲಿ, ಭಾರತದ ಹವಾಮಾನ ಇಲಾಖೆ ಶುರುವಾಗಿತ್ತು. ಅದರ ಮೊದಲ ಮುಖ್ಯಸ್ಥ ಎಚ್. ಎಫ್. ಬ್ಲ್ಯಾನ್‌ಫೋರ್ಡ್ ಅವರನ್ನು ಸರ್ಕಾರ ಕೇಳಿತು: ಮಳೆ ಕೈಕೊಡುವುದನ್ನು ಮುಂಚೆಯೇ ತಿಳಿಯಬಹುದೇ? ಅವರು ಹುಡುಕಿಕೊಂಡು ಹೋದದ್ದು ಹಿಮಾಲಯದ ಹಿಮದ ಬಳಿಗೆ. ಚಳಿಗಾಲ ಮತ್ತು ವಸಂತದಲ್ಲಿ ಅಲ್ಲಿ ಹಿಮ ಹೆಚ್ಚು ಬಿದ್ದು ತಡವಾಗಿ ಕರಗಿದ ವರ್ಷ ಮುಂಗಾರು ಸೊರಗುತ್ತದೆ ಎಂದು 1884ರಲ್ಲಿ ಅವರು ಬರೆದರು. ಕಾರಣ ಸರಳ. ಸೊನ್ನೆ ಡಿಗ್ರಿಯ ಒಂದು ಲೋಟ ಮಂಜುಗಡ್ಡೆಯನ್ನು ಕರಗಿಸಲು ಬೇಕಾದ ಶಾಖದಿಂದ ಅಷ್ಟೇ ತೂಕದ ಸೊನ್ನೆ ಡಿಗ್ರಿಯ ನೀರನ್ನು ಎಂಬತ್ತು ಡಿಗ್ರಿಗೆ ಕಾಯಿಸಬಹುದು. ಬಿಸಿಲಿನ ಶಾಖವೆಲ್ಲ ಹಿಮ ಕರಗಿಸುವುದಕ್ಕೇ ಹೋದರೆ ನೆಲ ಕಾಯುವುದು ತಡವಾಗುತ್ತದೆ. ನೆಲ ಕಾಯದಿದ್ದರೆ ಕಡಲಿನ ಗಾಳಿಯನ್ನು ಒಳಗೆ ಸೆಳೆಯುವ ಬಲ ಕುಗ್ಗುತ್ತದೆ. 1886ರ ಜೂನ್ 4ರಂದು ಇಲಾಖೆ ಹೊರಡಿಸಿದ ಮುಂಗಾರಿನ ಮುನ್ಸೂಚನೆ ನಿಂತದ್ದು ಈ ವಿಚಾರದ ಮೇಲೆ. ಸಂಬಂಧ ಅವರು ಎಣಿಸಿದಷ್ಟು ನೇರವಲ್ಲ ಎಂದು ಮುಂದೆ ತಿಳಿಯಿತು, ಕಡಲಿನ ಬಿಸಿ ತಂಪುಗಳೂ ಲೆಕ್ಕಕ್ಕೆ ಬಂದವು. ಆದರೂ ನಮ್ಮ ರಾಗಿ ಹೊಲಗಳ ಮೇಲೆ ಬೀಳುವ ಮಳೆಯನ್ನು ಮೊದಲು ಊಹಿಸಹೊರಟವರು ಮುಖ ಮಾಡಿದ್ದು ಬಡಗಣದ ಆ ಬಿಳಿ ಬೆಟ್ಟಗಳ ಕಡೆಗೆ ಎಂಬುದು ಇತಿಹಾಸ. ಆ ಮುನ್ಸೂಚನೆಯ ಹಿಂದೆ ನಮ್ಮ ಸೀಮೆಯ ಹಸಿವೂ ಇತ್ತು.

ಲೆಕ್ಕ ಇಟ್ಟರೆ ಏನು ಸಿಗುತ್ತದೆ, ಇಟ್ಟ ಲೆಕ್ಕವನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳಿ ಮುಗಿಸುತ್ತೇನೆ. ಹಿಮನದಿ ಹಿಂದೆ ಸರಿದಾಗ ಬಿಟ್ಟುಹೋದ ತಗ್ಗಿನಲ್ಲಿ ನೀರು ನಿಂತು ಕೆರೆಯಾಗುತ್ತದೆ. ಆ ಕೆರೆಗೆ ಏರಿ ಯಾವುದು? ಹಿಮನದಿಯೇ ತಳ್ಳಿಕೊಂಡು ಬಂದು ಗುಡ್ಡೆಹಾಕಿದ ಸಡಿಲ ಕಲ್ಲುಮಣ್ಣು. ಅದನ್ನು ಯಾರೂ ದಮ್ಮಸು ಮಾಡಿಲ್ಲ, ಕಲ್ಲು ಕಟ್ಟಿಲ್ಲ, ನಮ್ಮ ಕೆರೆಗಳ ಹಾಗೆ ಲೆಕ್ಕಹಾಕಿ ಬಿಟ್ಟ ಕೋಡಿ ಅದಕ್ಕಿಲ್ಲ. ಸಿಕ್ಕಿಮಿನಲ್ಲಿ ದಕ್ಷಿಣ ಲ್ಹೊನಾಕ್ ಎಂಬ ಅಂಥ ಕೆರೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಅದು ಒಡೆದರೆ ತೀಸ್ತಾ ಕಣಿವೆಯಲ್ಲಿ ಎಲ್ಲೆಲ್ಲಿಗೆ ಎಷ್ಟು ನೀರು ನುಗ್ಗಬಹುದು ಎಂದು ಲೆಕ್ಕ ಹಾಕಿದ ಅಧ್ಯಯನ 2021ರಲ್ಲೇ ಪ್ರಕಟವಾಗಿತ್ತು. ಅದರಲ್ಲಿ ಬೆಂಗಳೂರಿನ ದಿವೇಚಾ ಕೇಂದ್ರದವರ ಕೆಲಸವೂ ಸೇರಿತ್ತು. 2023ರ ಅಕ್ಟೋಬರ್ 3ರ ರಾತ್ರಿ ಕೆರೆ ಒಡೆಯಿತು. ಬೆಳಗಾಗುವುದರೊಳಗೆ ಚುಂಗ್‌ಥಾಂಗ್‌ನ 1,200 ಮೆಗಾವಾಟ್ ವಿದ್ಯುತ್ ಯೋಜನೆಯ ಅಣೆಕಟ್ಟು ಕೊಚ್ಚಿಹೋಗಿತ್ತು. ಮನೆ, ಸೇತುವೆ, ಜನ, ಸೈನಿಕರು, ಎಲ್ಲ. ಕೆರೆ ಒಡೆಯುವುದು ಎಂದರೆ ಏನೆಂದು ಬಲ್ಲ ನಾಡು ನಮ್ಮದು. 2021ರ ನವೆಂಬರಿನಲ್ಲಿ ನಮ್ಮ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿಬಿದ್ದಾಗ, ಸಂತೋಷದ ಜೊತೆಗೇ ಏರಿ ತಡೆಯುತ್ತದೋ ಇಲ್ಲವೋ ಎಂದು ರಾತ್ರಿಯೆಲ್ಲ ಟಾರ್ಚು ಹಿಡಿದು ಕಾದವರು ಈಗ ನನ್ನ ಮಾತು ಕೇಳುತ್ತಿರಬಹುದು. ಅವರಿಗೆ ಸಿಕ್ಕಿಮಿನ ಆ ರಾತ್ರಿಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಹಿಮನದಿಗಳ ಅಧ್ಯಯನಕ್ಕೆ ಗಣಿತ ಬಲ್ಲವರು ಬೇಕು, ಭೂಗೋಳ ಬಲ್ಲವರು ಬೇಕು, ಉಪಗ್ರಹದ ಚಿತ್ರ ಓದಬಲ್ಲವರು ಬೇಕು, ಚಳಿಗೆ ಅಂಜದೆ ಬಿದಿರು ಕೋಲು ಹೊರುವವರೂ ಬೇಕು. ಈ ದೇಶದಲ್ಲಿ ಅಂಥವರು ಇನ್ನೂ ತೀರ ಕಡಿಮೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳೇ, ಇಂಥದ್ದೊಂದು ಓದು ಇದೆ, ಅದಕ್ಕೆ ಬೇಕಾದ ಕಣ್ಣು ನಿಮಗೆ ಹುಟ್ಟಿನಿಂದಲೇ ಬಂದಿದೆ ಎಂದು ತಿಳಿಯಿರಿ. ಉಪಾಧ್ಯಾಯ ಮಿತ್ರರೇ, ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಡಿಸಿ, ಮಕ್ಕಳ ಕೈಯಲ್ಲೇ ದಿನವೂ ಬರೆಸಿ.

ಇನ್ನು ಮನೆಯಲ್ಲಿ ಕೂತು ಕೇಳುತ್ತಿರುವ ಎಲ್ಲರಿಗೂ ನನ್ನದೊಂದು ಕೋರಿಕೆ. ಈ ಭಾನುವಾರ ಮನೆಯ ಮಕ್ಕಳನ್ನು ಕರೆದುಕೊಂಡು ನಿಮ್ಮೂರ ಕೆರೆಯ ಏರಿಯ ಮೇಲೆ ಹೋಗಿ. ತೂಬಿನ ಕಂಬ ಎಲ್ಲಿದೆ ಎಂದು ತೋರಿಸಿ. ನೀರು ಎಷ್ಟು ಗೇಣು ಕೆಳಗಿದೆ ಎಂದು ನೋಡಿ, ಒಂದು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಮುಂದಿನ ತಿಂಗಳು ಅದೇ ತಾರೀಖಿಗೆ ಮತ್ತೆ ಹೋಗಿ ಬರೆಯಿರಿ.